ಬಂಡೆಯ ನೆರಳಿನ ಕ್ಯಾನು

ಮರಳುಗಾಡಿನ ಬೆಟ್ಟ ಹತ್ತುವ ಚಾರಣ ಸಂಘದವರು, ಇಳಿಯುವಾಗ ಕುಡಿಯಲೆಂದು, ಪ್ರತಿಸಲವೂ ತಮ್ಮ ಹಳೇ ನೀರಿನ ಕ್ಯಾನನ್ನು ನಡುದಾರಿಯ ಬಂಡೆಯ ನೆರಳಲ್ಲಿ ಬಿಟ್ಟು ಹೋಗುತ್ತಿದ್ದರು. ಅವರ ನಗು ಮೇಲೇರಿ ಕರಗುವವರೆಗೂ ಕ್ಯಾನು ಕಿವಿಗೊಟ್ಟು ಕೂರುತ್ತಿತ್ತು. ಹನ್ನೆರಡು ವರ್ಷವಾದರೂ ಅದು ಶಿಖರ ಕಂಡಿರಲಿಲ್ಲ.

ಒಮ್ಮೆ ಅವರು ಇಳಿದು ಬಂದು ನೀರು ಕುಡಿಯುತ್ತಿದ್ದಾಗ, ಪಕ್ಕದಲ್ಲಿ ಒರಗಿದ್ದ ಊರುಗೋಲನ್ನು ಅದು ಕೇಳಿತು: "ಕೋಲಣ್ಣ, ನೀನೇ ಪುಣ್ಯವಂತ. ತುದಿಯಲ್ಲಿ ನಿಂತು ಎಲ್ಲರೂ ಏನು ನೋಡುತ್ತಾರೆ?"

"ಅಯ್ಯೋ ಮಾರಾಯ, ಅಲ್ಲಿರುವುದು ಬರೀ ಗಾಳಿ. ಮೇಲೆ ಕಾಲಿಟ್ಟ ಕೂಡಲೇ ಎಲ್ಲರೂ ತಿರುಗಿ ನಿಂತು, ನಿನ್ನ ಬಂಡೆ ಎಲ್ಲಿದೆ ಅಂತ ಹುಡುಕುತ್ತಾರೆ" ಎಂದಿತು ಕೋಲು.

ಮುಂದಿನ ಸಲ ಅವರು ತುದಿ ಮುಟ್ಟುವ ಹೊತ್ತಿಗೆ, ಒಂದು ಗೇಣು ಬಿಸಿಲಿಗೆ ಸರಿದು ಅವರ ಕಣ್ಣಿಗೆ ಬೀಳಬೇಕು ಅನ್ನಿಸಿತು ಕ್ಯಾನಿಗೆ. ಆದರೆ ನೀರು ಬಿಸಿಯಾದೀತೆಂದು ಅದು ನೆರಳಲ್ಲೇ ಕೂತಿತು.