ಡೈರೆಕ್ಟರು ಹಾಕಿದ ಮೊಳ

ಎಂಬಿಎ ಕಾಲೇಜಿನ ಗೇಟಲ್ಲಿ ಹೂ ಮಾರುವ ಚೌಡಮ್ಮನನ್ನು ಹೊಸ ಡೈರೆಕ್ಟರು ಗದರಿಸಿದರಂತೆ: "ವ್ಯಾಪಾರ ಕಲಿಸೋ ಜಾಗ ಇದು. ಓದಿಲ್ಲದವಳಿಗೆ ಇಲ್ಲೇನು ಕೆಲಸ? ಜಾಗ ಖಾಲಿ ಮಾಡು!"

"ಮಾಡ್ತೀನಿ ಸ್ವಾಮಿ. ಈ ಬುಟ್ಟಿ ನೀವೇ ಮಾರಿ. ನನ್ನ ಅಸಲು ಹುಟ್ಟಿದ್ರೆ ಈಗಲೇ ಎದ್ದೆ."

ಹುಡುಗರೆಲ್ಲ ನೋಡ್ತಿದ್ದರಲ್ಲ, ಆರಡಿ ಎತ್ತರದ ಪುಣ್ಯಾತ್ಮರು ಜಂಬದಿಂದ ಕೂತೇಬಿಟ್ಟರು. ತಮ್ಮ ಮೊಣಕೈಯಿಂದ ಬೆರಳ ತುದಿವರೆಗೆ ಮಲ್ಲಿಗೆ ಅಳೆದು, ಅವಳ ದರಕ್ಕೇ ಮೊಳ ಹಾಕಿದರು. ಅಯ್ಯೋ, ಬೀದಿಯ ಹೆಂಗಸರೆಲ್ಲ ಮುತ್ತಿಕೊಂಡರು! ಗಳಿಗೆಯಲ್ಲಿ ಬುಟ್ಟಿ ಖಾಲಿ. ಅಸಲು ಮಾತ್ರ ಹುಟ್ಟಲಿಲ್ಲ.

"ಹೂವಿನ ಮೊಳ ಅಂದ್ರೆ ಈ ಗಿಡ್ಡ ಕೈ, ಸ್ವಾಮಿ," ಎಂದು ಜಾಣೆ ತನ್ನ ಕೈ ಚಾಚಿದಳು.

ಡೈರೆಕ್ಟರ ಮುಖ ಕೆಂಪಾಯಿತು, ಆಮೇಲೆ ನಗು ಬಂತು. ಮರುದಿನ ತರಗತಿಯನ್ನೇ ಗೇಟಿಗೆ ತಂದು, ತಾವೂ ನೆಲದ ಮೇಲೆ ಕೂತರು.

ಚೌಡಮ್ಮ ಎಲ್ಲರನ್ನೂ ಒಮ್ಮೆ ನೋಡಿದಳು. "ಮೊದಲು ಕೈ ತೊಳ್ಕೊಂಡು ಬನ್ನಿ."