ತಿರುಗಿದವನ ದಿಣ್ಣೆ

ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು ನಮ್ಮ ಕುಂಚಿಪೇಟೆಯಲ್ಲಿ ಸೀರೆ ಕೊಳ್ಳುತ್ತಾರೆ, ನಮ್ಮ ಖಾರದ ಊಟ ಉಂಡು ಕಣ್ಣೀರು ಒರೆಸಿಕೊಳ್ಳುತ್ತಾರೆ. ಸೀರೆಯಂಚಿಗೆ ಇಂಥ ದಡಿ ನೇಯುವವರು ಈ ಸೀಮೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಲಿ, ನಾನು ಮೀಸೆ ಬೋಳಿಸಿಕೊಳ್ಳುತ್ತೇನೆ. ಆದರೆ ಊರ ಮುಂದಿನ ಬೋಳು ದಿಣ್ಣೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಅದರ ಹೆಸರು ತಿರುಗಿದವನ ದಿಣ್ಣೆ.

ಹಿಂದೆ ಒಮ್ಮೆ, ನರ್ಮದೆಯ ದಂಡೆಯಿಂದ ನಮ್ಮ ಹಿರಿಯರು ಮಗ್ಗ ಹೊತ್ತು ಇಲ್ಲಿಗೆ ಬಂದ ಹೊಸತರಲ್ಲಿ, ದಿಣ್ಣೆಯ ಕೆಳಗಿನ ಮೊದಲ ಮನೆಯಲ್ಲಿ ಹೀರಾಸಾ ಮತ್ತು ಅವನ ಹೆಂಡತಿ ಗೋದಾಬಾಯಿ ಇಬ್ಬರೇ ಇದ್ದರಂತೆ. ಹಳೆಯ ಊರಿನಲ್ಲಿ ಉಳಿದಿದ್ದ ತಾಯಿಯ ತಿಥಿಗೆಂದು ಹೋದ ಹೀರಾಸಾ ವರ್ಷವಾದರೂ ಬರಲಿಲ್ಲ. ಹೊಳೆಯಲ್ಲಿ ದೋಣಿ ಮುಳುಗಿ ಸತ್ತನೆಂದು ದಾರಿಹೋಕರು ಸುದ್ದಿ ತಂದರು. ಮನೆಯಲ್ಲಿ ಸಾವಾದರೆ ಮಗ್ಗದ ಮೇಲಿನ ಉದ್ದೆಳೆಗಳ ಹಾಸನ್ನು ಕತ್ತರಿಸಿ ಆ ಎಳೆಗಳನ್ನು ಬಾಗಿಲಿಗೆ ಕಟ್ಟುವುದು ನಮ್ಮವರ ಪದ್ಧತಿ. ಗೋದಾಬಾಯಿ ಕತ್ತರಿಗೆ ಕೈ ಅಡ್ಡ ಹಿಡಿದಳು. ಹಿರಿಯರು ಕೇಳಲಿಲ್ಲ. ಹಾಸು ಬಾಗಿಲಿಗೆ ಬಂತು, ಅವಳು ಒಳಕೋಣೆಯ ಮೂಲೆ ಸೇರಿದಳು.

ಆ ವಾರವೇ ಹೀರಾಸಾ ಬಂದ ಎನ್ನುತ್ತಾರೆ. ದಿಣ್ಣೆಯ ಮೇಲೆ ಕುರಿ ಮೇಯಿಸುತ್ತಿದ್ದ ಪರವೂರಿನ ಮಾಳಿಂಗ ಕೇಳಿದ, "ಯಾಕೋ ಯಣ್ಣಾ, ಊರ ಮುಂದ ಬಂದು ದೆವ್ವ ಕಂಡಂಗ ನಿಂತಿ?"

"ಆ ಮನ್ಯಾಗ ಇದ್ದಾಕಿ ಒಬ್ಬಾಕಿನ. ಹಾಸು ಕಟ್ಯಾರ ನೋಡು."

"ಇಳಿದು ಹೋಗಿ ಕೇಳಬಾರದೇನ?"

"ಏನ್ ಕೇಳಲಿ? ಹಾಸು ಸುಳ್ಳು ಹೇಳಂಗಿಲ್ಲ."

ಹೆಂಡತಿಗೆಂದು ತಂದಿದ್ದ ಬೆಳ್ಳಿ ಕಾಲುಂಗುರಗಳನ್ನು ಮಾಳಿಂಗನ ಕೈಗೆ ಹಾಕಿ, ಅವಳ ಬೂದಿಗೆ ಸೇರಿಸೆಂದು ಹೇಳಿ, ಬಂದ ದಾರಿಯಲ್ಲೇ ತಿರುಗಿದ.

ಸಂಜೆ ಕುರಿ ಹೊಡೆದುಕೊಂಡು ಬಂದ ಮಾಳಿಂಗ ಆ ಮನೆಯ ಬಾಗಿಲು ಬಡಿದ. ತೆರೆದವಳು ಗೋದಾಬಾಯಿ. ಕಾಲುಂಗುರ ಕಂಡು, ಕೊಟ್ಟವನ ಮಾತು ಕೇಳಿದ್ದೇ ದಿಣ್ಣೆ ಹತ್ತಿ ಓಡಿದಳು. ದಾರಿ ಬರಿದಾಗಿತ್ತು. ಊರವರು ದಿಕ್ಕುದಿಕ್ಕಿಗೆ ಹುಡುಕಿದರೂ ಅವನು ಸಿಗಲಿಲ್ಲ. "ಸತ್ತಾರಂತ ಹೇಳಾಕ ಎಳಿ ಇಟ್ಟೀರಿ. ನಾ ಬದುಕೀನಂತ ಹೇಳಾಕ ಏನಿಟ್ಟೀರಿ?" ಎಂದು ಅವಳು ಹಿರಿಯರನ್ನು ಕೇಳಿದಳಂತೆ. ಸಾಯುವವರೆಗೂ ಅವಳು ಆ ಕಾಲುಂಗುರ ತೆಗೆಯಲಿಲ್ಲ.

ಈಗಲೂ ನಮ್ಮೂರಲ್ಲಿ ಸಾವಾದರೆ, ಹಾಸು ಕಟ್ಟುವ ಮೊದಲು ಮನೆಯವರೊಬ್ಬರು ದಿಣ್ಣೆ ಹತ್ತಿ ದಾರಿಗೆ ಮುಖಮಾಡಿ ಸತ್ತವರ ಹೆಸರು ಕೂಗುತ್ತಾರೆ, ಆಮೇಲೆ ಉಳಿದವರ ಹೆಸರು. ಬಸ್ಸಿನಿಂದ ಇಳಿದವರು ಯಾರನ್ನು ಕರೆಯುತ್ತಿದ್ದಾರೆಂದು ಬೆರಗಾಗಿ ನಿಲ್ಲುತ್ತಾರೆ. ಯಾರ ಮನೆಯ ಸಾವಾದರೂ ಕೊನೆಯ ಕೂಗು ಮಾತ್ರ ಒಂದೇ: "ಗೋದಾಬಾಯಿ ಅದಾಳ."