ಓಬಳೇಶಿ ಬ್ರೇಕ್ ತೋರಿಸಿದ್ದು

ನಮ್ಮ ಬಿಳಿಗುಡ್ಡದಹಟ್ಟಿಯಲ್ಲಿ ಮಾರಕ್ಕ ಅಂತ ಒಬ್ಬಳು. ಕಂಬಳಿ ಸಂಘಕ್ಕೆ ಉಣ್ಣೆ ನೂತು ಬದುಕುವವಳು. ಅವಳಿಗೆ ಒಬ್ಬನೇ ಮಗ, ಓಬಳೇಶಿ. ಮೂವತ್ತೆರಡು ವರ್ಷದ ಗಟ್ಟಿ ಆಳು. ಹೇಳಿದ ಮಾತು ಮೀರಿದವನಲ್ಲ. ಅದೇ ಮಾರಕ್ಕನ ಗೋಳು.

ಹೆಣ್ಣು ನೋಡಿಕೊಂಡು ಬಾ ಅಂತ ಕಳಿಸಿದಳು. ನೋಡಿಕೊಂಡು ಬಂದ. ಅವರ ಮನೆಯೊಳಕ್ಕೆ ಹೋಗಲಿಲ್ಲ, ಹೆಸರು ಕೇಳಲಿಲ್ಲ. ಬಾವಿ ಕಟ್ಟೆ ಹತ್ತಿರ ನಿಂತು ನೋಡಿದ, ಬಂದ.

"ಏನಂದ್ರು ಮಗಾ?"

"ನೋಡು ಅಂದೆ, ನೋಡಿದೆ. ಕೇಳು ಅನ್ನಲಿಲ್ಲವಲ್ಲ ಅವ್ವ."

ಆ ವರ್ಷ ಕಂಬಳಿ ಸಂಘದವರು ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೇ ಲಾರಿಯೊಂದನ್ನು ಹಿಡಿದುಕೊಂಡು ಬಂದರು. ಆನೆಯಂಥ ಲಾರಿ, ಆರು ಗಾಲಿ. ಹೋಗುವುದೇನೋ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಗುಡ್ಡದ ಮೇಲೆ ಜಬ್ಬಾರ್ ಮೇಸ್ತ್ರಿಯ ಗ್ಯಾರೇಜು. ಅಲ್ಲಿಗೆ ಹತ್ತಿಸಿಕೊಂಡು ಹೋಗಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದರು.

ಸಂಘದ ಅಧ್ಯಕ್ಷ ರುದ್ರಮುನಿಯಪ್ಪ ಬಂದು ಸುತ್ತಲೂ ನೋಡಿದ. "ಮೊದಲು ಬಣ್ಣ ಹೊಡೆಸ್ರಿ," ಅಂದ.

"ಬ್ರೇಕೇ ಇಲ್ಲ, ಅಧ್ಯಕ್ಷರೇ," ಅಂದ ಜಬ್ಬಾರ್ ಮೇಸ್ತ್ರಿ.

"ಬ್ರೇಕ್ ಯಾರ ಕಣ್ಣಿಗೆ ಕಾಣ್ತದೆ? ಬಣ್ಣ ಎಲ್ಲರಿಗೂ ಕಾಣ್ತದೆ."

ಆ ಕೆಲಸಕ್ಕೆ ಜೊತೆಗೊಬ್ಬ ಆಳು ಬೇಕಾಗಿತ್ತು. ಮಾರಕ್ಕ ಕೈಮುಗಿದು ಕೇಳಿದಳು, "ಜಬ್ಬಾರಣ್ಣ, ಇವನಿಗೊಂದು ಕೆಲಸ ಕಲಿಸು." ಮೇಸ್ತ್ರಿ ಒಳ್ಳೆಯವನು, ಒಪ್ಪಿದ.

ಮೊದಲನೇ ದಿನ ಗಾಲಿ ಬಿಚ್ಚಿ, ಹೊಸ ಬ್ರೇಕ್ ಪಟ್ಟಿ ಕೂರಿಸಿ, ಮೇಸ್ತ್ರಿ ಟೀ ಕುಡಿಯಕ್ಕೆ ಹೊರಟ. "ಓಬಳೇಶಿ, ಅಷ್ಟರಲ್ಲಿ ಬ್ರೇಕಿಗೆ ಎಣ್ಣೆ ಹಾಕಿರು," ಅಂದ.

ಓಬಳೇಶಿ ಮನೆಗೆ ಓಡಿದ. ಕಡ್ಲೆಕಾಯಿ ಎಣ್ಣೆ ತಂದ. ಬಾಣಂತಿ ಮನೆಯಲ್ಲಿ ಕೂಸಿಗೆ ತಿಕ್ಕೋ ಹಾಗೆ ಆರೂ ಗಾಲಿಯ ಬ್ರೇಕ್ ಪಟ್ಟಿಗೆ ಚೆನ್ನಾಗಿ ತಿಕ್ಕಿದ. ಸಂಜೆ ಮೇಸ್ತ್ರಿ ಗಾಲಿ ಕೂರಿಸಿ, ಲಾರಿ ಓಡಿಸಿ ಬ್ರೇಕ್ ತುಳಿದ. ಲಾರಿ ಜಾರಿತು. ಇನ್ನೊಮ್ಮೆ ತುಳಿದ. ಇನ್ನಷ್ಟು ಜಾರಿತು. ಕೊನೆಗೆ ಬೇವಿನ ಮರ ಅದನ್ನು ನಿಲ್ಲಿಸಿತು.

ಮಾರಕ್ಕ ಹಣೆ ಚಚ್ಚಿಕೊಂಡಳು. "ನಾಳೆ ಒಗ್ಗರಣೆಗೆ ಎಣ್ಣೆ ಇಲ್ಲ, ಇವನ ಲಾರಿ ಮಾತ್ರ ಮಿರಮಿರ ಮಿಂಚ್ತದೆ. ಬ್ರೇಕಿನ ಎಣ್ಣೆನೇ ಬೇರೆಯಂತೆ ಕಣೋ, ಪೈಪಿನೊಳಗೆ ಹಾಕೋದಂತೆ. ಮೇಲೆ ಮೇಲೆ ನೋಡಬೇಡ. ಒಳಗೇನಿದೆ ಅದನ್ನ ನೋಡು."

"ಆಗಲಿ ಅವ್ವ. ಒಳಗಿರೋದನ್ನ ನೋಡ್ತೀನಿ."

ಪಟ್ಟಿ ತೊಳೆದು ಒಣಗಿಸಿ ಹಾಕುವುದಕ್ಕೆ ಎರಡು ದಿನ ಹಿಡಿಯಿತು. ಮೂರನೇ ದಿನ ಮೇಸ್ತ್ರಿ ಪೈಪಿಗೆ ಎಣ್ಣೆ ತುಂಬಿದ. ಪೈಪಿನಲ್ಲಿ ಗಾಳಿ ಉಳಿದರೆ ಬ್ರೇಕ್ ಹಿಡಿಯುವುದಿಲ್ಲ, ಅದನ್ನು ಹೊರಗೆ ಬಿಡಬೇಕು. "ಊಟ ಮುಗಿಸಿ ಬಂದು ಗಾಳಿ ತೆಗೆಯೋಣ," ಅಂದ. "ಒಂದು ಗುಳ್ಳೆನೂ ಒಳಗೆ ಉಳೀಬಾರದು ನೋಡು."

ಇಬ್ಬರು ಯಾಕೆ, ನಾನೊಬ್ಬನೇ ಮಾಡಿದರೆ ಮೇಸ್ತ್ರಿಗೆ ಖುಷಿಯಾಗ್ತದೆ ಅಂದುಕೊಂಡ ಓಬಳೇಶಿ. ಒಳಗೆ ಗಾಳಿ ಎಲ್ಲಿದೆ ಅಂತ ನೋಡಿದ. ಆರು ಟೈರಿನೊಳಗಿತ್ತು. ಆರನ್ನೂ ಬಿಟ್ಟ. ಸ್ಟೆಪ್ನಿ ಟೈರಿನದೂ ಬಿಟ್ಟ. ಗ್ಯಾರೇಜಿಗೆ ಬಂದ ಗಿರಾಕಿಯ ಸೈಕಲ್ಲಿನದೂ ಬಿಟ್ಟ.

ಮೇಸ್ತ್ರಿ ಊಟ ಮುಗಿಸಿ ಬಂದ. ಲಾರಿ ಎಮ್ಮೆ ಥರ ಮಲಗಿತ್ತು.

"ಓಬಳೇಶಿ, ನೀನು ಇನ್ನು ಮೇಲೆ ಯೋಚನೆ ಮಾಡಬೇಡಪ್ಪ. ನಾನು ಹೇಳಿದಷ್ಟು ಮಾಡು. ತುಳಿ ಅಂದ್ರೆ ತುಳಿ. ಬಿಡು ಅನ್ನೋ ತನಕ ಬಿಡಬೇಡ."

"ಆಗಲಿ ಮೇಸ್ತ್ರಿ."

ಮಾರನೇ ದಿನ ಟೈರಿಗೆ ಗಾಳಿ ತುಂಬಿದ ಮೇಲೆ ಮೇಸ್ತ್ರಿ ಲಾರಿ ಕೆಳಗೆ ಮಲಗಿದ. ಓಬಳೇಶಿ ಮೇಲೆ ಬ್ರೇಕ್ ಪೆಡಲ್ ಹತ್ತಿರ ಕೂತ. ತುಳಿ ಅಂದ, ತುಳಿದ. ಅಷ್ಟರಲ್ಲಿ ಒಂದು ತಿರುಪು ಮೊಳೆ ಸವೆದು ಹೋಯಿತು. ಮೇಸ್ತ್ರಿ ಬೈದುಕೊಂಡು ಎದ್ದ, ಬಂದ ಬಸ್ಸು ಹತ್ತಿ ಹೊಸದು ತರಕ್ಕೆ ಪೇಟೆಗೆ ಹೋದ. ಬಿಡು ಅನ್ನುವುದು ಮರೆತ.

ಮಧ್ಯಾಹ್ನವಾಯಿತು. ಮಾರಕ್ಕ ಬುತ್ತಿ ತಂದಳು. "ಇಳಿದು ಬಾರೋ, ಉಣ್ಣು."

"ಮೇಸ್ತ್ರಿ ಬಿಡು ಅಂದಿಲ್ಲವ್ವ."

ತಾಯಿ ಕರುಳು, ಲಾರಿ ಹತ್ತಿ ಮುದ್ದೆ ಉಣ್ಣಿಸಿದಳು. ರುದ್ರಮುನಿಯಪ್ಪ ಬಣ್ಣದವರನ್ನು ಕರೆದುಕೊಂಡು ಬಂದು ಇಳಿ ಅಂದ. ಇವನು ಇಳಿಯಲಿಲ್ಲ. ಬಣ್ಣದವರು ಬಾಗಿಲಿಗೆ ಕೆಂಪು ಬಳಿದರು, ಕಿಟಕಿಗೆ ಆನಿಸಿದ್ದ ಇವನ ಮೊಣಕೈಗೂ ಬಳಿದರು. ಕಾಲು ಮರಗಟ್ಟಿತು. ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಹೊತ್ತು ಮುಳುಗುವಾಗ ಮೇಸ್ತ್ರಿ ಬಂದ. "ಅಯ್ಯೋ, ಬಿಡಪ್ಪ," ಅಂದ. ಆಗ ಬಿಟ್ಟ.

ಮಾರಕ್ಕ ಅವನ ಕಾಲು ನೀವುತ್ತ ಬೈದಳು. "ಲೋಕದಲ್ಲಿ ಜಬ್ಬಾರಣ್ಣ ಒಬ್ಬನೇ ದೊಡ್ಡವನೇನೋ? ಓದಿದವರು, ಅಧಿಕಾರಿಗಳು ಬಂದು ಏನಾದರೂ ಹೇಳಿದರೆ ಅವರ ಮಾತೂ ನಡೆಸಬೇಕು."

"ಆಗಲಿ ಅವ್ವ. ಅಧಿಕಾರಿಗಳ ಮಾತು ನಡೆಸ್ತೀನಿ."

ಎರಡು ದಿನದಲ್ಲಿ ಬ್ರೇಕ್ ಸರಿಹೋಯಿತು. ಮೇಸ್ತ್ರಿ ಇಳಿಜಾರಿನಲ್ಲಿ ಓಡಿಸಿ ನೋಡಿದ, ತುಳಿದಲ್ಲೇ ನಿಂತಿತು. ನೆಮ್ಮದಿಯಿಂದ ಮಗಳ ಊರಿಗೆ ಹೋದ. ಅವತ್ತು ಸಂಜೆ ಗಾಡಿ ಪರೀಕ್ಷೆ ಮಾಡುವ ಸಾಹೇಬರು ಬಂದರು. ಗುಡ್ಡದ ಬುಡದ ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡಿದ್ದರು. ದೂರದಿಂದ ಲಾರಿ ನೋಡಿದರು. "ಬಣ್ಣ ಚೆನ್ನಾಗಿದೆ," ಅಂದರು. ಬಿಸಿಲಿಗೆ ಬಳಲಿದ್ದರು, ಹತ್ತಿರ ಬರಲಿಲ್ಲ. ಅಲ್ಲಿದ್ದವನು ಓಬಳೇಶಿ ಒಬ್ಬನೇ. "ನಾಳೆ ಹತ್ತು ಗಂಟೆಗೆ ಬಂದು ಬ್ರೇಕ್ ತೋರಿಸು. ಸಹಿ ಹಾಕಿ ಕೊಡ್ತೀನಿ," ಅಂದು ಹೋದರು.

ಬೆಳಕು ಹರಿಯುತ್ತಲೇ ಓಬಳೇಶಿ ಗಾಲಿ ಬಿಚ್ಚಿದ. ಬ್ರೇಕ್ ಪಟ್ಟಿ ತೆಗೆದ. ಪೆಡಲ್ ತೆಗೆದ. ಹ್ಯಾಂಡ್ ಬ್ರೇಕಿನ ಕಂಬಿ ತೆಗೆದ. ಗಾಲಿಗಳನ್ನು ಮಾತ್ರ ಮತ್ತೆ ಕೂರಿಸಿ, ಕಲ್ಲು ಕೊಟ್ಟು, ಬ್ರೇಕನ್ನೆಲ್ಲ ಒಂದು ಕಂಬಳಿಯಲ್ಲಿ ಗಂಟು ಕಟ್ಟಿ ಹೊತ್ತುಕೊಂಡು ಗುಡ್ಡ ಇಳಿದ.

ಇತ್ತ ಹತ್ತು ಗಂಟೆಗೇ ರುದ್ರಮುನಿಯಪ್ಪ ಲಾರಿಯ ಮೆರವಣಿಗೆ ಇಟ್ಟುಕೊಂಡಿದ್ದ. ಹಾರ ಹಾಕಿಕೊಂಡು ಲಾರಿ ಮೇಲೆ ನಿಂತ. ಹಿಂದೆ ಕಂಬಳಿ ಪಿಂಡಿಗಳ ಮೇಲೆ ನೂಲುವ ಹೆಂಗಸರು ಕೂತರು, ಮಾರಕ್ಕನೂ ಕೂತಳು. ಡ್ರೈವರ್ ಕಾಲಿನ ಹತ್ತಿರ ತಡಕಾಡಿ, "ಒಂದು ಪೆಡಲ್ ಕಡಿಮೆ ಇದೆಯಲ್ಲ," ಅಂದ.

"ಮಿಲಿಟರಿ ಗಾಡಿ ಹಾಗೇ ಇರ್ತದೆ, ನಡಿ," ಅಂದ ಅಧ್ಯಕ್ಷ.

ಕಲ್ಲು ತೆಗೆದರು. ಲಾರಿ ನಡೆಯಿತು. ಆಮೇಲೆ ಓಡಿತು. ಆಮೇಲೆ ಹಾರಿತು.

ಪ್ರವಾಸಿ ಮಂದಿರದ ಜಗುಲಿಯಲ್ಲಿ ಓಬಳೇಶಿ ಗಂಟು ಬಿಚ್ಚಿ ಒಂದೊಂದೇ ಜೋಡಿಸುತ್ತಿದ್ದ. ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ಮೇಸ್ತ್ರಿಯ ಕೆಲಸ, ಕುಂದಿರಲಿಲ್ಲ. ಎದುರಿನ ರಸ್ತೆಯಲ್ಲಿ ಕೆಂಪು ಲಾರಿಯೊಂದು ರೊಯ್ಯನೆ ಹೋಯಿತು. ಮೇಲೆ ಅಧ್ಯಕ್ಷ ಕೈಮುಗಿದು ದೇವರನ್ನು ಕರೆಯುತ್ತಿದ್ದ. ತಮಗೇ ನಮಸ್ಕಾರ ಮಾಡಿದ ಅಂದುಕೊಂಡು ಸಾಹೇಬರು ತಾವೂ ಕೈಮುಗಿದರು. ಆಮೇಲೆ ಕಾಗದದ ಮೇಲೆ ಬರೆದರು: "ಬ್ರೇಕ್ ಪರೀಕ್ಷಿಸಲಾಗಿದೆ. ಸುಸ್ಥಿತಿಯಲ್ಲಿದೆ." ಸಹಿ ಹಾಕಿ ಮೊಹರು ಒತ್ತಿದರು.

ಲಾರಿ ಸಂಘದ ಅಂಗಳದ ಉಣ್ಣೆ ರಾಶಿಗೆ ನುಗ್ಗಿ ನಿಂತಿತು. ಮನೆಯೆತ್ತರದ ರಾಶಿ, ಯಾರಿಗೂ ಒಂದು ಗೀರೂ ಆಗಲಿಲ್ಲ. ಅಧ್ಯಕ್ಷ, ಡ್ರೈವರ್, ಮಾರಕ್ಕ ಎಲ್ಲರೂ ಮೈಯೆಲ್ಲ ಉಣ್ಣೆ ಮೆತ್ತಿಕೊಂಡು, ಕುರಿ ಹಿಂಡಿನ ಹಾಗೆ ಪ್ರವಾಸಿ ಮಂದಿರಕ್ಕೆ ಓಡಿಬಂದರು.

"ಸಾಹೇಬ್ರೇ, ನಮ್ಮ ಲಾರಿಗೆ ಬ್ರೇಕೇ ಇರಲಿಲ್ಲ," ಅಂದ ರುದ್ರಮುನಿಯಪ್ಪ, ಏದುಸಿರು ಬಿಡುತ್ತ.

"ಯಾರು ಹೇಳಿದ್ದು? ನಾನೇ ನೋಡಿದ್ದೀನಿ. ಕಾಗದದಲ್ಲಿ ಬರೆದಿದ್ದೀನಿ," ಅಂದರು ಸಾಹೇಬರು. ಪುಸ್ತಕದ ಹಾಳೆ ತಿರುಗಿಸಿದರು. "ಬ್ರೇಕಿಂದು ಮುಗೀತು. ಇನ್ನು ಎಂಜಿನ್ ಒಂದು ಬಾಕಿ. ಮಧ್ಯಾಹ್ನದೊಳಗೆ ಅದನ್ನೂ ತೋರಿಸಿಬಿಡಿ."

ಅಷ್ಟು ಹೇಳಿ ತಲೆ ಎತ್ತುವುದರೊಳಗೆ ಓಬಳೇಶಿ ಅಲ್ಲಿರಲಿಲ್ಲ. ಪಾನಾ ಹಿಡಿದು ಉಣ್ಣೆ ರಾಶಿಯ ಕಡೆ ಓಡುತ್ತಿದ್ದ. ಮಾರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹಿಂದೆ ಓಡಿದಳು.